ಜೋಡಿ ತಂತಿಯ ಮೇಲೆ ನಡೆದ ದನಿ

ಕೋಲಾರ ಜಿಲ್ಲೆಗೆ ವಿದ್ಯುತ್ತು ಬಂದದ್ದು ನಮ್ಮ ಮನೆಗಳಲ್ಲಿ ದೀಪ ಉರಿಯಲಿ ಎಂದಲ್ಲ, ನೆಲದಡಿಯ ಚಿನ್ನ ಮೇಲೆ ಬರಲಿ ಎಂದು. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಗಣಿಗಳನ್ನು ಮುಟ್ಟಿತು. ಆ ಯೋಜನೆಗಾಗಿ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಈ ಪಾಠವನ್ನು ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿದ್ದೇನೆ. ರಾಯಲ್ಪಾಡಿನ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನಮ್ಮೂರಿಗೆ ಯಾವಾಗ ಬಂತು?" ನ್ಯಾಯವಾದ ಪ್ರಶ್ನೆಯೇ. ಆದರೆ ವಿದ್ಯುತ್ತು ತನ್ನ ಜೊತೆಯಲ್ಲಿ ಇನ್ನೊಂದನ್ನೂ ಕರೆತಂದಿತು. ಹಬ್ಬದ ಮೈಕ್ ಸೆಟ್ಟಿನಲ್ಲಿ, ಯಾರೂ ಮಾತಾಡದಿರುವಾಗಲೂ ಕೇಳುವ ಆ 'ಗುಂಯ್' ಎಂಬ ಸದ್ದು. ಅದರ ಚರಿತ್ರೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ತಂತಿ ಟಪಾಲಿನ ಕಾಲದಲ್ಲಿ ಒಂದು ತಂತಿ ಸಾಕಾಗಿತ್ತು. ಹೋಗುವುದಕ್ಕೆ ತಂತಿ, ಹಿಂದಿರುಗುವುದಕ್ಕೆ ಭೂಮಿ. ಟೆಲಿಫೋನು ಬಂದಾಗಲೂ ಮೊದಮೊದಲು ಅದನ್ನೇ ಮಾಡಿದರು. ಕಟಕಟ ಎನ್ನುವ ತಂತಿ ಸಂಕೇತಕ್ಕೆ ಗದ್ದಲ ಅಷ್ಟಾಗಿ ತಟ್ಟುತ್ತಿರಲಿಲ್ಲ, ಮನುಷ್ಯನ ಮಾತಿಗೆ ತಟ್ಟಿತು. ಪಟ್ಟಣಗಳಲ್ಲಿ ವಿದ್ಯುತ್ ದೀಪ, ಟ್ರಾಮು ಬಂದಂತೆ ಟೆಲಿಫೋನಿನಲ್ಲಿ ಮಾತಿಗಿಂತ ಮೊರೆತವೇ ಹೆಚ್ಚಾಯಿತು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೊಂದು ಪೇಟೆಂಟು ಪಡೆದಿದ್ದ. ಒಂದರ ಬದಲು ಎರಡು ತಂತಿ, ಅವೆರಡನ್ನೂ ಹುರಿ ಹೊಸೆದಂತೆ ಒಂದಕ್ಕೊಂದು ಸುತ್ತುವುದು. ಅಷ್ಟೇ ಉಪಾಯ.

ಇದು ಹೇಗೆ ಕೆಲಸ ಮಾಡುತ್ತದೆಂದು ನನಗೆ ಅರ್ಥವಾದದ್ದು ಶ್ರೀನಿವಾಸಪುರದ ಮಾವಿನ ಮಂಡಿಯ ತಕ್ಕಡಿಯನ್ನು ನೆನೆಸಿಕೊಂಡಾಗ. ಖಾಲಿ ತಕ್ಕಡಿಯ ಮೇಲೆ ಧೂಳು ಬಿತ್ತೆನ್ನಿ. ಎರಡು ತಟ್ಟೆಯಲ್ಲೂ ಸಮನಾಗಿ ಬಿದ್ದರೆ ಮುಳ್ಳು ಅಲುಗುವುದಿಲ್ಲ. ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದರೆ ಮಾತ್ರ ವಾಲುತ್ತದೆ. ಜೋಡಿ ತಂತಿಯಲ್ಲಿ ದನಿಯನ್ನು ಹಾಗೆ ಕಳಿಸುತ್ತಾರೆ. ಒಂದು ತಂತಿಯಲ್ಲಿ ಅದು ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿದಿರುತ್ತದೆ. ಹೊರಗಿನ ಗದ್ದಲವಾದರೋ ಧೂಳಿನಂತೆ ಎರಡರ ಮೇಲೂ ಒಂದೇ ಸಮ ಬೀಳುತ್ತದೆ. ಹೊಸೆದಿರುವುದರಿಂದ ಯಾವ ತಂತಿಯೂ ಗದ್ದಲಕ್ಕೆ ಹೆಚ್ಚು ಹತ್ತಿರವಿರುವುದಿಲ್ಲ. ಕೊನೆಯಲ್ಲಿ ಯಂತ್ರ ಓದುವುದು ಎರಡರ ವ್ಯತ್ಯಾಸವನ್ನು ಮಾತ್ರ. ಗದ್ದಲ ಕಳೆದುಹೋಗುತ್ತದೆ, ದನಿ ಉಳಿಯುತ್ತದೆ. ಸ್ಟುಡಿಯೋದವರು ಇದನ್ನು 'ಬ್ಯಾಲೆನ್ಸ್ಡ್' ಎನ್ನುತ್ತಾರೆ. ಒಂದೇ ತಂತಿ ಇದ್ದು, ಅದರ ಮೇಲೆ ಹೊದಿಸಿದ ಲೋಹದ ಜಾಳಿಗೆಯನ್ನೇ ಹಿಂದಿರುಗುವ ದಾರಿ ಮಾಡಿಕೊಂಡರೆ ಅದು 'ಅನ್‌ಬ್ಯಾಲೆನ್ಸ್ಡ್'. ಮೇಜಿನ ಮೇಲೆ ಒಂದೆರಡು ಮೊಳದ ಅಂತರಕ್ಕೆ ಅದರಿಂದ ತೊಂದರೆಯಿಲ್ಲ. ದೂರ ಹೋದಷ್ಟೂ ದಾರಿಯ ಗದ್ದಲವನ್ನೆಲ್ಲ ಮಡಿಲಿಗೆ ಕಟ್ಟಿಕೊಂಡು ಬರುತ್ತದೆ.

ರೇಡಿಯೋ ಹುಟ್ಟಿದಾಗ ಅದಕ್ಕೆ ಬೇರೆ ತವರು ಇರಲಿಲ್ಲ, ಟೆಲಿಫೋನಿನ ಮನೆಯ ಪಾತ್ರೆ ಪಡಗವನ್ನೇ ತಂದುಕೊಂಡಿತು. ನಮ್ಮಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಯಂತ್ರವಿಟ್ಟು ಬಾನುಲಿ ಆರಂಭಿಸಿದರಷ್ಟೆ. ಒಂದು ಬಲ್ಬಿಗಿಂತ ಕಡಿಮೆ ಬಲದ ಯಂತ್ರ! 1955ರಲ್ಲಿ ಆ ನಿಲಯ ಬೆಂಗಳೂರಿಗೆ ಬಂತು. ಊರಿನ ಸಭಾಂಗಣದಲ್ಲಿ ನಡೆಯುವ ಕಚೇರಿ ಬಾನುಲಿ ನಿಲಯಕ್ಕೆ ತಲುಪಬೇಕಾದರೆ ಬಹುಕಾಲ ಅಂಚೆ ಮತ್ತು ತಂತಿ ಇಲಾಖೆಯ ಜೋಡಿ ತಂತಿಯೇ ಗತಿಯಾಗಿತ್ತು. ನಮ್ಮ ಮಂದಿ ಆಕಾಶದಿಂದ ಬಂತೆಂದು ಕೇಳಿದ ಎಷ್ಟೋ ಸಂಗೀತ ಮೊದಲು ನೆಲದ ತಂತಿಯಲ್ಲಿ ನಡೆದು ಬಂದದ್ದು.

ಅಳತೆಯೂ ಟೆಲಿಫೋನಿನದೇ. 'ಡೆಸಿಬೆಲ್' ಎಂಬುದರಲ್ಲಿ ಬೆಲ್‌ನ ಹೆಸರಿದೆ; 1920ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಇಟ್ಟ ಹೆಸರು. ಟೆಲಿಫೋನ್ ಮಾರ್ಗದ 600 ಓಮ್ ರೋಧದಲ್ಲಿ ಒಂದು ವ್ಯಾಟಿನ ಸಾವಿರದ ಒಂದು ಭಾಗ ಶಕ್ತಿ ಹರಿದರೆ ಅಲ್ಲಿ 0.775 ವೋಲ್ಟ್ ಇರುತ್ತದೆ. ಈ ವಿಚಿತ್ರ ಸಂಖ್ಯೆಯೇ ಇಂದಿಗೂ ಸ್ಟುಡಿಯೋಗಳ ಸೊನ್ನೆ. 1939ರಲ್ಲಿ ಅಲ್ಲಿನ ಬಾನುಲಿಯವರೂ ಟೆಲಿಫೋನಿನವರೂ ಕೂಡಿ ಮುಳ್ಳು ಅಲುಗುವ ವಿ.ಯು. ಮೀಟರನ್ನು ಗೊತ್ತುಮಾಡಿದರು. ಈಗ ವೃತ್ತಿಯವರ ಮಿಕ್ಸರು ಆ ಸೊನ್ನೆಗಿಂತ 4 ಡೆಸಿಬೆಲ್ ಮೇಲೆ, ಅಂದರೆ ಸುಮಾರು 1.23 ವೋಲ್ಟಿನಲ್ಲಿ ಮಾತಾಡುತ್ತದೆ. ಮನೆಯ ಕ್ಯಾಸೆಟ್ ಡೆಕ್ಕಿಗೆ 0.316 ವೋಲ್ಟ್ ಸಾಕು. ಮೈಕು ಪಾಪ, ವೋಲ್ಟಿನ ಸಾವಿರದ ಕೆಲವು ಭಾಗದಲ್ಲಿ ಪಿಸುಗುಡುತ್ತದೆ. ಆ ಪಿಸುಮಾತನ್ನು ಮಿಕ್ಸರಿನ ಬಾಗಿಲಲ್ಲಿ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಎತ್ತಬೇಕು. ಎತ್ತುವಾಗ, ದಾರಿಯಲ್ಲಿ ಅದಕ್ಕೆ ಅಂಟಿಕೊಂಡ ಗದ್ದಲವೂ ಅಷ್ಟೇ ಪಟ್ಟು ಏಳುತ್ತದೆ. ಆದ್ದರಿಂದಲೇ ಜೋಡಿ ತಂತಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಮೈಕಿಗೆ.

ಇಷ್ಟೆಲ್ಲ ಒಬ್ಬ ಇತಿಹಾಸದ ಮೇಷ್ಟರಿಗೆ ಯಾಕೆ ಎನ್ನಬಹುದು. ನನ್ನಲ್ಲಿ ಒಂದು ಕ್ಯಾಸೆಟ್ಟಿದೆ. 1996ರ ಗಣೇಶನ ಹಬ್ಬದಲ್ಲಿ ಪಕ್ಕದ ಹಳ್ಳಿಯ ಒಬ್ಬ ಅಜ್ಜಿ ಹಾಡಿದ್ದು. ನಮ್ಮದು ಗಡಿ ನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಅಜ್ಜಿಯ ಹಾಡುಗಳೂ ಹಾಗೆಯೇ, ತೆಲುಗಿನಲ್ಲಿ ಶುರುವಾಗಿ ಕನ್ನಡಕ್ಕೆ ದಾಟಿ ಮತ್ತೆ ತೆಲುಗಿಗೆ ಬರುತ್ತಿದ್ದವು. ಬಾಡಿಗೆ ಮೈಕ್ ಸೆಟ್ಟಿನ ಆಂಪ್ಲಿಫಯರಿಗೆ ಟೇಪ್ ರೆಕಾರ್ಡರ್ ಸಿಕ್ಕಿಸಿ ಅದನ್ನು ಹಿಡಿದುಕೊಟ್ಟರು. ವೇದಿಕೆಯಿಂದ ಆಂಪ್ಲಿಫಯರಿನವರೆಗೆ ಮೈಕಿನ ತಂತಿ ಅರವತ್ತು ಎಪ್ಪತ್ತು ಅಡಿ, ಉದ್ದಕ್ಕೂ ಸೀರಿಯಲ್ ಸೆಟ್ಟಿನ ತಂತಿಯ ಮಗ್ಗುಲಲ್ಲೇ ಮಲಗಿತ್ತು. ಗುಂಯ್ ಎಂದಾಗ ಸೆಟ್ಟಿನವರು ನೆಲಕ್ಕೆ ಕಬ್ಬಿಣದ ಮೊಳೆ ಹೊಡೆದು ಉಪ್ಪು ನೀರು ಸುರಿದರು. ನಮ್ಮ ಕಡೆ ಎಲ್ಲ ಸದ್ದಿಗೂ ಅದೇ ಮದ್ದು. ಮುಂದಿನ ವರ್ಷ ಅಜ್ಜಿ ಹೋದರು. ಆ ಹಾಡುಗಳನ್ನು ಅವರ ಸೊಸೆಯರು ಕಲಿತಿರಲಿಲ್ಲ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಕ್ಯಾಸೆಟ್ಟನ್ನು ಅವನಿಗೆ ಕೊಟ್ಟೆ. ಕೇಳಿ, "ಅಕ್ಕಾ, ಇದು ಕ್ಯಾಸೆಟ್ಟಿನ ರೋಗ ಅಲ್ಲ. ದನಿ ಆಂಪ್ಲಿಫಯರಿಗೆ ಬರೋಕೆ ಮುಂಚೇನೇ ಕೆಟ್ಟಿದೆ" ಎಂದ.

"ಆ ಗುಂಯ್ ಒಂದನ್ನ ತೆಗೆದುಬಿಡೋಕೆ ಆಗಲ್ವೇನೋ?"

"ಕರೆಂಟು ಸೆಕೆಂಡಿಗೆ 50 ಸಲ ಆಡುತ್ತೆ. 50 ತೆಗೀತೀನಿ, 100 ತೆಗೀತೀನಿ. ಅದರ ಮರಿಗಳು 150, 200, 250 ಅಂತ ಮೇಲಕ್ಕೆ ಹೋಗುತ್ವೆ, ಅಜ್ಜಿ ದನೀನೂ ಅಲ್ಲೇ ಇದೆ. ಎಲ್ಲಾನೂ ತೆಗೆದ್ರೆ ಅಜ್ಜಿ ಡಬ್ಬದೊಳಗಿಂದ ಹಾಡಿದ ಹಾಗಿರುತ್ತೆ."

ಎರಡು ಪಿನ್ನು ತೋರಿಸಿದ. ಒಂದು ದಪ್ಪನೆಯ ಉದ್ದ ಪಿನ್ನು, ಅಂಗಡಿಯವರು ಪಿ-38 ಎನ್ನುವುದು. ಅದು ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ವಿನಿಮಯ ಕೇಂದ್ರದಿಂದ ಬಂದ ಪಿನ್ನಿನ ವಂಶದ್ದು. ಇನ್ನೊಂದು ಮೂರು ಕಡ್ಡಿಯ ಕ್ಯಾನನ್, ಒಂದು ಕಡ್ಡಿ ಭೂಮಿಗೆ, ಉಳಿದೆರಡು ದನಿಗೆ. "ಮೈಕಿಂದ ಮೂರು ಕಡ್ಡಿ ತಂತಿ ಎಳೆದಿದ್ರೆ ಸಾಕಾಗಿತ್ತು" ಎಂದ. ಅಜ್ಜಿ ದನಿ ಎತ್ತಿದಲ್ಲೆಲ್ಲ ಹಾಡು ಒಡೆದಿರುವುದಕ್ಕೂ ಕಾರಣ ಹೇಳಿದ: ಲೌಡ್‌ಸ್ಪೀಕರಿಗೆ ಹೋಗುವಷ್ಟು ಬಲದ ದನಿಯನ್ನು ನೇರವಾಗಿ ರೆಕಾರ್ಡರಿನ ಪುಟ್ಟ ಬಾಯಿಗೆ ಸುರಿದಿದ್ದಾರೆ. ಹನ್ನೊಂದು ಹಾಡಿನಲ್ಲಿ ಆರನ್ನು ಅವನೂ ನಾನೂ ಕೂತು ಕೇಳಿ ಕೇಳಿ ಬರೆದುಕೊಂಡೆವು. ಉಳಿದ ಐದರಲ್ಲಿ ಪದಗಳು ಸಿಕ್ಕಲಿಲ್ಲ, ರಾಗ ಮಾತ್ರ ಸಿಕ್ಕಿತು. ಪೇಟೆಯ ಹಾಡುಗಾರರಿಗೆ ಮೂರು ಕಡ್ಡಿಯ ತಂತಿ, ಹಳ್ಳಿಯ ಅಜ್ಜಿಗೆ ಒಂಟಿ ತಂತಿ. ಯಾರ ದನಿ ಮುಂದಿನವರಿಗೆ ಉಳಿಯುತ್ತದೆ ಎಂಬುದು ಇಂಥ ಕಡೆಯೂ ತೀರ್ಮಾನವಾಗಿಬಿಡುತ್ತದೆ ಎಂದು ಆವತ್ತು ಸಿಟ್ಟು ಬಂದಿತ್ತು. ಈಗಲೂ ಇದೆ.

ಈ ಸಿಟ್ಟಿಗೆ ಒಂದು ಉತ್ತರ ನಮ್ಮ ಜಿಲ್ಲೆಯಲ್ಲೇ ಸಿಕ್ಕಿತು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಪಾಠ ಹೇಳುತ್ತೇವೆ. ಅದೇ ಊರಲ್ಲಿ 2001ರಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ 'ನಮ್ಮ ಧ್ವನಿ' ಎಂಬ ಪುಟ್ಟ ಸ್ಟುಡಿಯೋ ತೆರೆದವು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಊರಿನ ಹುಡುಗರು ತಾವೇ ಮೈಕು ಹಿಡಿದು ಕಾರ್ಯಕ್ರಮ ಮಾಡಿದರು. ಆದರೆ ಗಾಳಿಯಲ್ಲಿ ಬಿಡುವಂತಿರಲಿಲ್ಲ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ, ಹಳ್ಳಿಯ ಗುಂಪಿಗೆ ರೇಡಿಯೋ ನಡೆಸಲು ಪರವಾನಗಿ ಇರಲಿಲ್ಲ. ಮೊದಲು ಧ್ವನಿಸುರುಳಿಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. ಆಮೇಲೆ ಊರಿನ ಕೇಬಲ್ ಟಿ.ವಿ.ಯ ತಂತಿಯಲ್ಲೇ ದನಿಯನ್ನೂ ಸೇರಿಸಿ ಮನೆಮನೆಗೆ ಕಳಿಸಿದರು. ಗಾಳಿಗೆ ಅಪ್ಪಣೆ ಬೇಕು, ತಂತಿಗೆ ಬೇಡ! ಇದನ್ನು ಕೇಳಿದಾಗ ನಾನು ನಕ್ಕೆ. ಟೆಲಿಫೋನಿನ ತಂತಿಯಿಂದ ಹೊರಟು ಆಕಾಶಕ್ಕೇರಿದ ದನಿಯನ್ನು ನಮ್ಮ ಕೋಲಾರದ ಹೆಂಗಸರು ಮತ್ತೆ ತಂತಿಗೆ ಇಳಿಸಿದ್ದರು.

ಹಳ್ಳಿಯ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ಕೊಡುವ ನೀತಿ ದೆಹಲಿಯಲ್ಲಿ ಒಪ್ಪಿಗೆಯಾದದ್ದು 2006ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಬೂದಿಕೋಟೆಯವರು ಗಾಳಿಯ ಹಂಗಿಲ್ಲದೆ ಐದು ವರ್ಷ ಮಾತಾಡಿ ಮುಗಿಸಿದ್ದರು.