ದುಬ್ರಾಯಿ ಠಾಣೆಯ ಸಿಪಾಯಿ



ಜನೆವರಿ 1 ಬಂತಂದರೆ ನಮ್ಮ ಜತ್ತ ತಾಲೂಕಿನ ಹುಡುಗರು ಗಾಡಿ ಮಾಡಿಕೊಂಡು ಭೀಮಾ ಕೋರೆಗಾಂವಕ್ಕೆ ಹೊರಡುತ್ತಾರೆ. 1818ರ ಆ ಲಡಾಯಿ ಎಲ್ಲರಿಗೂ ಗೊತ್ತು. ವಿಜಯಸ್ತಂಭದ ಮ್ಯಾಲ 'ನಾಕ' ಎಂದು ಮುಗಿಯುವ ನಮ್ಮವರ 22 ಹೆಸರುಗಳಿವೆ. ಆದರೆ ಕೋರೆಗಾಂವದ ನಂತರ ನಮ್ಮ ಸಿಪಾಯಿಗಳು ಎಲ್ಲಿ ಹೋದರು, ಅವರ ನೌಕರಿ ಏನಾಯಿತು ಅಂತ ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಅದಕ್ಕೇ ಇನ್ನೊಂದು 'ನಾಕ' ಹೆಸರಿನ ಬಗ್ಗೆ ಬರೆಯುತ್ತಿದ್ದೇನೆ.

ಆಗ ರಷ್ಯಾ ದೇಶ ಅಫಘಾನಿಸ್ತಾನದ ಕಡೆ ಕೈ ಚಾಚುತ್ತದೆ ಅನ್ನುವ ಅಂಜಿಕೆ ಇಂಗ್ರೇಜರಿಗೆ ಇತ್ತು. ಕಾಬೂಲದ ಅಮೀರ ಶೇರ್ ಅಲಿ ರಷ್ಯಾದ ವಕೀಲರನ್ನು ಬರಮಾಡಿಕೊಂಡ, ಇಂಗ್ರೇಜರ ವಕೀಲರನ್ನು ಖೈಬರದಲ್ಲೇ ತಡೆಸಿದ. ಇದೇ ನೆಪವಾಯಿತು. 1878ರ ನವ್ಹೆಂಬರದಲ್ಲಿ ಮೂರು ದಾರಿಯಿಂದ ಫೌಜು ನುಗ್ಗಿತು. ದಕ್ಷಿಣದ ದಾರಿ ಬೋಲಾನ ಕಣಿವೆ, ಕ್ವೆಟ್ಟಾ, ಖೋಜಕ ಘಾಟ ದಾಟಿ ಕಂದಹಾರಕ್ಕೆ ಹೋಗುತ್ತದೆ. ಈ ದಾರಿಯಲ್ಲಿ ಮುಂಬಯಿ ಫೌಜಿನ ಪಲಟಣಗಳೂ ಇದ್ದವು. ಬೋಳು ಗುಡ್ಡ, ನೀರಿಲ್ಲದ ಬಯಲು, ಹಗಲು ಬಿಸಿಲು, ರಾತ್ರಿ ಕೊರೆಯುವ ಚಳಿ. ಸಾಮಾನು ಹೊತ್ತ ಒಂಟೆಗಳು ಸಾವಿರಗಟ್ಟಲೆ ಸತ್ತವು.

ಇಂಥ ದಾರಿ ಕಾಯಲಿಕ್ಕೆ ಅಲ್ಲಲ್ಲಿ ಸಣ್ಣ ಸಣ್ಣ ಠಾಣೆ ಇಟ್ಟಿದ್ದರು. ಚಮನ ಮತ್ತು ಕಂದಹಾರದ ನಡುವೆ ಇದ್ದ ದುಬ್ರಾಯಿ ಅವುಗಳಲ್ಲಿ ಒಂದು. 1880ರ ಎಪ್ರಿಲ್ 16ರಂದು ನೂರಾರು ಪಠಾಣರು ಅದನ್ನು ಮುತ್ತಿದರು. ಒಳಗೆ 19ನೇ ಮುಂಬಯಿ ಪಲಟಣದ ಮೇಜರ ವಾಡ್ಬಿ ಮತ್ತು ಕೈಬೆರಳಲ್ಲಿ ಎಣಿಸುವಷ್ಟು ಸಿಪಾಯಿಗಳು. ಸುಮಾರು ಮೂರು ತಾಸು ಹೋರಾಡಿ ಮೇಜರ ಸತ್ತರು. ಅವರ ಜೊತೆ ಸತ್ತವರು ಸಿಪಾಯಿ ಇಲಾಹಿ ಬಕ್ಷ, ಸಿಪಾಯಿ ಸೊನ್ನಾಕ ತನ್ನಾಕ. ಹೆಸರು ಕೇಳಿದ ಕೂಡಲೇ ಯಾರ ಮನೆ ಮಗ ಅಂತ ತಿಳಿಯುತ್ತದೆ. ಊರಾಗ ಇವರ ನೆರಳು ಬೀಳಬಾರದು ಅಂತಿದ್ದ ಕಾಲವದು. ಆ ಠಾಣೆಯಲ್ಲಿ ಸಾಹೇಬ, ಮುಸಲ್ಮಾನ, ಮಹಾರ ಒಟ್ಟಿಗೆ ಹೋರಾಡಿ ಸತ್ತರು. ಮುಂಬಯಿಯಲ್ಲಿ ಒಂದು ರಸ್ತೆಗೆ ವಾಡ್ಬಿ ಹೆಸರು ಬಂತು. ಸೊನ್ನಾಕನ ಹೆಸರಿನ ರಸ್ತೆ ನಾನಂತೂ ಕೇಳಿಲ್ಲ.

ಮುಂದಿನದು ಇನ್ನೂ ಕಹಿ. ಅದೇ ಜುಲೈ 27ಕ್ಕೆ ಮೈವಂದದಲ್ಲಿ ಅಯೂಬ ಖಾನನ ಎದುರು ಇಂಗ್ರೇಜರು ಸೋತರು. ಜನರಲ್ ರಾಬರ್ಟ್ಸ ಸುಮಾರು 10,000 ಜನರೊಂದಿಗೆ ಕಾಬೂಲದಿಂದ ನಡೆದು ಬಂದು ಸಪ್ಟೆಂಬರ 1ರಂದು ಕಂದಹಾರದಲ್ಲಿ ಗೆದ್ದ. ಇದೇ ರಾಬರ್ಟ್ಸ 1885ರಲ್ಲಿ ಇಡೀ ಹಿಂದುಸ್ತಾನದ ಸೇನಾಪತಿಯಾದ. ಉತ್ತರದ ಕೆಲವು ಜಾತಿಗಳೇ ಶೂರ, ಮುಂಬಯಿ-ಮದ್ರಾಸಿನವರು ಲಡಾಯಿಗೆ ಲಾಯಕ್ಕಿಲ್ಲ ಎಂಬುದು ಅವನ ಮತ. ಪಲಟಣಗಳನ್ನು ಜಾತಿವಾರು ಕಟ್ಟಲಿಕ್ಕೆ ಹತ್ತಿದರು. 1892-93ರ ಸುಮಾರಿಗೆ ಮಹಾರರ ಭರತಿ ನಿಂತಿತು. ದುಬ್ರಾಯಿಗೆ ಆಗಿನ್ನೂ 13 ವರ್ಷ ತುಂಬಿರಲಿಲ್ಲ!

ಭರತಿ ನಿಂತರೆ ಬರೀ ಬಂದೂಕು ಹೋಗಲಿಲ್ಲ. ಪಗಾರ, ಪೆನ್ಶನ್, ಊರಿನ ಬಿಟ್ಟಿ ಚಾಕರಿಯಿಂದ ಬಿಡುಗಡೆ, ಎಲ್ಲಕ್ಕಿಂತ ದೊಡ್ಡದಾಗಿ ಸಾಲಿ ಹೋಯಿತು. ಬಾಬಾಸಾಹೇಬರ ತಂದೆ ಸುಭೇದಾರ ರಾಮಜಿ ಸಕಪಾಳರು ಫೌಜಿನ ಸಾಲಿಯಲ್ಲಿ ಮಾಸ್ತರರಾಗಿದ್ದರು. ಆ ಬಾಗಿಲಿಂದಲೇ ನಮಗೆ ಅಕ್ಷರ ಬಂದಿತ್ತು.

ನಮ್ಮವರು ಸುಮ್ಮನೆ ಕೂಡಲಿಲ್ಲ. ನಿವೃತ್ತ ಸಿಪಾಯಿ ಗೋಪಾಳಬಾಬಾ ವಲಂಗಕರ 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ವಿಲಾಯತಿಗೇ ಅರ್ಜಿ ಕಳಿಸಿದರು. ಮೊದಲ ಮಹಾಯುದ್ಧಕ್ಕೆ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ ಪಲಟಣ ಕಟ್ಟಿದರು, ಯುದ್ಧ ತೀರಿದ ಮ್ಯಾಲ 1921ರಲ್ಲಿ ಮುರಿದರು. ಬಾಬಾಸಾಹೇಬರು ಪಟ್ಟು ಬಿಡಲಿಲ್ಲ. 1941ರ ಅಕ್ಟೋಬರ 1ರಂದು ಮಹಾರ ರೆಜಿಮೆಂಟಿನ ಮೊದಲ ಬಟಾಲಿಯನ್ ಹುಟ್ಟಿತು. ಎಲ್ಲಿ? ನಮಗೆ ದೂರವಲ್ಲದ ಬೆಳಗಾವಿಯಲ್ಲಿ!

ಒಂದು ಮಾತು ಮುಚ್ಚಿಡಬಾರದು. ಅಫಘಾನಿಸ್ತಾನ ಪಠಾಣರ ಮನೆ. ಅವರು ತಮ್ಮ ಮನೆ ಕಾಯುತ್ತಿದ್ದರು, ನಮ್ಮವ ಪರರ ರಾಜ್ಯ ಬೆಳೆಸಲಿಕ್ಕೆ ಸತ್ತ. ಆ ದಂಡಯಾತ್ರೆ ನ್ಯಾಯದ್ದು ಅಂತ ನಾನು ಹೇಳುವುದಿಲ್ಲ. ಆದರೂ ಸೊನ್ನಾಕನ ಧೈರ್ಯ ಸುಳ್ಳಲ್ಲ. ಅವನ ಧೈರ್ಯವನ್ನು ಬಳಸಿಕೊಂಡ ಸರಕಾರವೇ ಅವನ ಜಾತಿಗೆ ಧೈರ್ಯವಿಲ್ಲ ಅಂತ ಷರಾ ಬರೆಯಿತು. ಅಂದರೆ ಪರರು ಕೊಡುವ ಸರ್ಟಿಫಿಕೇಟು ಅವರಿಗೆ ಬೇಕಾದಾಗ ಕೊಟ್ಟು ಬ್ಯಾಡಾದಾಗ ಕಸಿಯುವ ವಸ್ತು. ಅದನ್ನು ನಂಬಿ ನಮ್ಮ ಬೆಲೆ ಅಳೆಯಬಾರದು.

ಶೌರ್ಯದಿಂದ ಬಾಗಿಲು ತೆರೆಯಲಿಲ್ಲ, ಅರ್ಜಿ ಬರೆದು, ಸಂಘ ಕಟ್ಟಿ, ಓದಿ ತೆರೆಸಿಕೊಂಡೆವು. ಕೋರೆಗಾಂವಕ್ಕೆ ಹೋಗುವ ತಮ್ಮ-ತಂಗಿಯರು ಬರುವಾಗ ಒಂದು ಪುಸ್ತಕ ತರಲಿ, ಓದಲಿ. ನಮ್ಮ ತಾಲೂಕಿನ ಯಾವ ಯಾವ ಮನೆಯಿಂದ ಯಾರು ಪಲಟಣಕ್ಕೆ ಹೋಗಿದ್ದರು ಅಂತ ಹಿರಿಯರನ್ನು ಕೇಳಿ ಬರೆದಿಡಲಿ. ಅವರ ಹೆಸರು ನಾವು ಬರೆಯದಿದ್ದರೆ ಇನ್ಯಾರು ಬರೆಯುತ್ತಾರೆ?

ಜೈ ಭೀಮ!