ಕರೆಂಟು ಬಂದ ಊರು ಅಂದ್ರೆ ಯಾವುದು?

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲ ಅನ್ನೋದು ನಮ್ಮ ತಿತಿಮತಿ ಕಡೆ ಹೊಸ ಸುದ್ದಿಯೇನಲ್ಲ. ಹೋದ ವರ್ಷ ಕಕ್ಕಡದಲ್ಲೂ ಹೀಗೇ ಆಯ್ತು. ಮೂರನೇ ರಾತ್ರಿ ನಮ್ಮ ಲೈನ್‌ಮನೆಯ ಹುಡುಗಿಗೆ ಹೆರಿಗೆ ನೋವು ಬಂತು. ಎಲ್ಲರ ಫೋನೂ ಚಾರ್ಜಿಲ್ಲದೆ ಸತ್ತಿದ್ದವು. ಜೀಪಲ್ಲಿ ಕೂರಿಸ್ಕೊಂಡು ಗೋಣಿಕೊಪ್ಪಕ್ಕೆ ಹೋದ್ವಿ. ತಾಯಿ, ಮಗು ಚೆನ್ನಾಗಿದ್ದಾರೆ. ಆದರೆ 2008ರಲ್ಲೇ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್, ಅವತ್ತು ನಮ್ಮ ಪಾಲಿಗೆ ಇರಲಿಲ್ಲ.

ಆಮೇಲೆ ಸರ್ಕಾರದ ಹಳೇ ಲೆಕ್ಕಗಳನ್ನು ಓದ್ತಾ ಕೂತೆ. 1997ರ ಅಕ್ಟೋಬರ್ ತನಕ ಕೇಂದ್ರದ ನಿಯಮ ಹೀಗಿತ್ತು: ಊರಿನ ಕಂದಾಯ ಗಡಿಯೊಳಗೆ ಎಲ್ಲಾದರೂ, ಯಾವ ಕೆಲಸಕ್ಕಾದರೂ ಕರೆಂಟು ಬಳಸಿದರೆ ಅದು ವಿದ್ಯುತ್ ಬಂದ ಊರು. ಒಬ್ಬರ ಪಂಪ್‌ಸೆಟ್ ಓಡಿದರೆ ಸಾಕು, ಇಡೀ ಊರು ಲೆಕ್ಕಕ್ಕೆ ಸೇರಿತು. ಅರವತ್ತರ ದಶಕದ ಬರ ನೋಡಿದ ಸರ್ಕಾರಕ್ಕೆ ಬೇಕಿದ್ದುದು ನೀರೆತ್ತುವ ಪಂಪು, ಮನೆ ದೀಪ ಆಮೇಲಿನ ಮಾತು. ರೈತರಾದ ನಮಗೆ ಅದರಿಂದ ಲಾಭವೂ ಆಗಿದೆ, ಇಲ್ಲ ಅನ್ನಲ್ಲ. 1997ರಲ್ಲಿ ನಿಯಮ ಸ್ವಲ್ಪ ಬಿಗಿಯಾಯ್ತು, ಜನ ವಾಸಿಸುವ ಜಾಗದಲ್ಲೇ ಕರೆಂಟು ಬಳಕೆಯಾಗಬೇಕು ಅಂತ.

2004ರ ಫೆಬ್ರವರಿಯಲ್ಲಿ ದೊಡ್ಡ ಬದಲಾವಣೆ ಬಂತು. ಕನಿಷ್ಠ ನೂರಕ್ಕೆ 10 ಮನೆಗೆ ಕರೆಂಟು ಇರಬೇಕು, ಜೊತೆಗೆ ಶಾಲೆ, ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರಕ್ಕೂ. 1952ರಿಂದಲೇ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿದ್ದವು. ಅವಕ್ಕೂ ಕರೆಂಟು ಬೇಕು ಅನ್ನೋದು ಈ ಲೆಕ್ಕದೊಳಗೆ ಬರೋಕೆ ಅರ್ಧ ಶತಮಾನ ಹಿಡೀತು! ಉಳಿದ 90 ಮನೆ ಕತ್ತಲಲ್ಲಿದ್ದರೂ ಊರು ಪಾಸು. ದಿನಕ್ಕೆ ಎಷ್ಟು ಗಂಟೆ ಕೊಡಬೇಕು ಅಂತ ಅದರಲ್ಲೂ ಒಂದಕ್ಷರ ಇಲ್ಲ. 24 ಗಂಟೆ ಅನ್ನೋದು ಗ್ರಾಹಕರ ಹಕ್ಕಿನ ನಿಯಮವಾಗಿ ಬಂದಿದ್ದು 2020ರ ಡಿಸೆಂಬರಲ್ಲಿ.

ಗಂಟೆಯ ಲೆಕ್ಕ ಯಾಕೆ ಮುಖ್ಯ ಅಂದ್ರೆ, ಮಕ್ಕಳ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಅದನ್ನಿಡುವ ವಿಶೇಷ ಫ್ರಿಜ್ಜು ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೂ ತಡ್ಕೊಳ್ಳುತ್ತೆ. ಮೂರು ದಿನ ಪೂರ್ತಿ ಹೋದರೆ ತಡ್ಕೊಳ್ಳೋದು ಕಷ್ಟ.

ಕಾಡೊಳಗಿನ ಜೇನುಕುರುಬ, ಯರವ ಹಾಡಿಗಳದ್ದು ಬೇರೆಯೇ ಕತೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯದಲ್ಲಿ ಲೈನ್ ಎಳೆಯೋಕೆ ಕೇಂದ್ರದ ಒಪ್ಪಿಗೆ ಬೇಕಾಯ್ತು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಇದಕ್ಕೊಂದು ದಾರಿ ಬಿಟ್ಟಿದೆ. ಒಂದು ಹೆಕ್ಟೇರಿಗಿಂತ ಕಮ್ಮಿ ಜಾಗ, ಹೆಕ್ಟೇರಿಗೆ 75 ಮರ ಮೀರದ ಹಾಗಿದ್ದರೆ, ಗ್ರಾಮಸಭೆ ಶಿಫಾರಸು ಮಾಡಿದರೆ ಆಯ್ತು. ಆ ಪಟ್ಟಿಯಲ್ಲಿ ವಿದ್ಯುತ್ ಲೈನೂ ಇದೆ, ಆಸ್ಪತ್ರೆಯೂ ಇದೆ. ನಮ್ಮಲ್ಲಿ ಎಷ್ಟು ಜನ ಇದನ್ನು ಓದಿದ್ದೀವಿ?

ಮುಂದಿನ ಗ್ರಾಮಸಭೆಗೆ ಹಾಡಿಯ ಹಿರಿಯರನ್ನೂ ಕರ್ಕೊಂಡು ಹೋಗ್ತೀನಿ. ಬರೋರು ತಿಳಿಸಿ, ಜೀಪಲ್ಲಿ ಜಾಗ ಇದೆ. ಅದಕ್ಕೆ ಮುಂಚೆ ಲೈನ್ ಪಕ್ಕದ ಸಿಲ್ವರ್ ಮರಗಳ ಕಪಾತು ಮುಗಿಸಬೇಕು. ಹೋದ ಸಲ ಬಿದ್ದಿದ್ದು ನನ್ನ ತೋಟದ ಮರವೇ.