ಶತ್ರುವಿನ ಕುರ್ಚಿಯಲ್ಲಿ ಯಾರು?

ಬೋರ್ಡ್ ಗೇಮ್ ಆಡೋ ಟೇಬಲ್ ಮೇಲೆ ಫೋನ್ ಬಂದರೆ ಆಟ ಕೆಟ್ಟಿತು ಅನ್ನೋರು ನನ್ನ ಗೆಳೆಯರಲ್ಲಿ ಬಹಳ ಮಂದಿ. ವಾರವಿಡೀ ಸ್ಕ್ರೀನ್ ನೋಡಿ ದಣಿದು, ಶನಿವಾರ ನಾಲ್ಕು ಮುಖ ನೋಡೋಣ ಅಂತ ಕೂತರೆ ಅಲ್ಲೂ ಅದೇನಾ? ನ್ಯಾಯವಾದ ಪ್ರಶ್ನೆಯೇ. ಆದರೆ ಈ ಆಟಗಳ ಇತಿಹಾಸ ಓದಿದಾಗ ನನಗೆ ಬೇರೆಯೇ ಉತ್ತರ ಸಿಕ್ಕಿತು.

1981ರಲ್ಲಿ ಅಮೆರಿಕದ ಮಿಲ್ಟನ್ ಬ್ರಾಡ್ಲಿ ಕಂಪನಿ 'ಡಾರ್ಕ್ ಟವರ್' ತಂದಿತು. ಬೋರ್ಡಿನ ನಡುವೆ ಬ್ಯಾಟರಿ ಹಾಕಿದ ಗೋಪುರ. ಯುದ್ಧದ ಲೆಕ್ಕವೆಲ್ಲ ಅದರದೇ. ಆಟಗಾರರು ಮಾತ್ರ ಪರಸ್ಪರ ಪೈಪೋಟಿಗೆ ಇಳಿದವರು. ಯಂತ್ರವಿತ್ತು, ಸಹಕಾರ ಇರಲಿಲ್ಲ.

2008ರಲ್ಲಿ ಮ್ಯಾಟ್ ಲೀಕಾಕ್ ಅವರ 'ಪ್ಯಾಂಡೆಮಿಕ್' ಬಂತು. ಯಂತ್ರವಿಲ್ಲ, ಎಲ್ಲರೂ ಸೇರಿ ನಾಲ್ಕು ರೋಗಗಳಿಗೆ ಮದ್ದು ಹುಡುಕಬೇಕು. ಗೆದ್ದರೂ ಒಟ್ಟಿಗೆ, ಸೋತರೂ ಒಟ್ಟಿಗೆ. ತೊಡಕು ಒಂದೇ: ಬೋರ್ಡ್ ಎಲ್ಲರಿಗೂ ಕಾಣುತ್ತೆ, ಯೋಚಿಸಲು ಬೇಕಾದಷ್ಟು ಸಮಯವೂ ಇದೆ. ಹಾಗಾಗಿ ಆಟ ಚೆನ್ನಾಗಿ ಬಲ್ಲ ಒಬ್ಬ ಮಿಕ್ಕವರ ಸರದಿಯನ್ನೂ ತಾನೇ ಆಡಿಬಿಡ್ತಾನೆ. ಮೀಟಿಂಗ್‌ನಲ್ಲಿ ಎಲ್ಲರ ಪರವಾಗಿ ತಾನೇ ಮಾತಾಡೋ ಸಹೋದ್ಯೋಗಿ ಇರ್ತಾನಲ್ಲ, ಹಾಗೆ.

ಅದಕ್ಕೊಂದು ಮದ್ದು ಅದೇ ವರ್ಷ ವ್ಲಾದಾ ಖ್ವಾತಿಲ್ ಅವರ 'ಸ್ಪೇಸ್ ಅಲರ್ಟ್'ನಲ್ಲಿ ಸಿಕ್ಕಿತು. ಸಿಡಿ ಓಡುತ್ತಿರುತ್ತೆ, ಅಪಾಯಗಳನ್ನು ಒಂದೊಂದಾಗಿ ಕೂಗಿ ಹೇಳುತ್ತೆ. ಯೋಜನೆಗೆ ಸಿಗೋದು ಸುಮಾರು 10 ನಿಮಿಷ. ಒಬ್ಬನೇ ಎಲ್ಲ ನೋಡಿಕೊಳ್ಳೋಕೆ ಪುರುಸೊತ್ತೇ ಇಲ್ಲ. 2015ರ 'ಎಕ್ಸ್‌ಕಾಮ್' ಬೋರ್ಡ್ ಗೇಮ್‌ನಲ್ಲಿ ಆ ಗಡಿಯಾರ ಆ್ಯಪ್‌ಗೆ ಬಂತು. ಒಬ್ಬರು ಆ್ಯಪ್ ನೋಡಿ ಸುದ್ದಿ ಹೇಳಬೇಕು. ಹಣ, ಸಂಶೋಧನೆ, ಸೈನಿಕರು ಬೇರೆ ಬೇರೆಯವರ ಕೈಯಲ್ಲಿ. ಮಾತಾಡದೆ ಆಟ ಮುಂದೆ ಹೋಗಲ್ಲ.

ನನಗೆ ಹೆಚ್ಚು ಹಿಡಿಸಿದ್ದು 'ಮ್ಯಾನ್ಷನ್ಸ್ ಆಫ್ ಮ್ಯಾಡ್ನೆಸ್' ಕಥೆ. 2011ರ ಮೊದಲ ಆವೃತ್ತಿಯಲ್ಲಿ ಒಬ್ಬರು 'ಕೀಪರ್' ಆಗಿ ಮಿಕ್ಕವರೆಲ್ಲರ ವಿರುದ್ಧ ಕೂರಬೇಕಿತ್ತು. 2016ರ ಎರಡನೇ ಆವೃತ್ತಿಯಲ್ಲಿ ಆ ಕೆಲಸ ಆ್ಯಪ್ ವಹಿಸಿಕೊಂಡಿತು. ಶತ್ರುವಾಗಿದ್ದ ಗೆಳೆಯ ಈಚೆ ಕಡೆಗೆ ಬಂದು ಕೂತ. 2022ರಲ್ಲಿ ಹಳೆಯ ಗೋಪುರವೂ 'ರಿಟರ್ನ್ ಟು ಡಾರ್ಕ್ ಟವರ್' ಆಗಿ ಮರಳಿತು. ಈ ಸಲ ಆಟಗಾರರು ಒಂದಾಗಿ ಗೋಪುರವನ್ನೇ ಎದುರಿಸಬಹುದು.

ಹಾಗಾಗಿ ಫೋನ್ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನು ಹೋಗಲ್ಲ. ಅದು ಶತ್ರುವಿನ ಕೆಲಸ ಮಾಡ್ತಿದ್ದರೆ, ಗಡಿಯಾರ ಹಿಡಿದಿದ್ದರೆ ಇರಲಿ. ನಮ್ಮ ಬದಲು ಅದೇ ಯೋಚಿಸೋಕೆ ಶುರು ಮಾಡಿದರೆ ಮಾತ್ರ ಎತ್ತಿ ಬ್ಯಾಗಿಗೆ ಹಾಕಿ.